ಎರಡು ಲಕ್ಷದ ಎಸ್ಟಿಮೇಟ್, ಹದಿಮೂರು ಸಾವಿರದ ರಿಪೇರಿ: ತೋಟದ ಎಟಿವಿಯ ಮುಂದಿನ ಡಿಫರೆನ್ಷಿಯಲ್

ನಮ್ಮ ಭಾವನ ಕಾಫಿ ತೋಟ ಸಕಲೇಶಪುರ ತಾಲೂಕಿನ ಹಾನುಬಾಳು ಕಡೆ ಇದೆ. ಇಪ್ಪತ್ತೆಂಟು ಎಕರೆ. ಅರ್ಧ ಅರೇಬಿಕಾ, ಅರ್ಧ ರೋಬಸ್ಟಾ, ಮರಗಳಿಗೆ ಮೆಣಸಿನ ಬಳ್ಳಿ. ತೋಟದ ನಡುವೆ ಒಂದು ಹಳ್ಳ ಹರಿಯುತ್ತದೆ. ಮನೆ, ಕಣ ಈಚೆ ಕಡೆ. ರೋಬಸ್ಟಾ ಪೂರ್ತಿ ಆಚೆ ಕಡೆ. ಸೇತುವೆ ಇಲ್ಲ, ಕಲ್ಲು ಹಾಸಿದ ದಾಟು ಇದೆ. ಜೀಪ್ ಹಳ್ಳ ದಾಟುತ್ತದೆ, ಆದರೆ ಆಚೆ ದಡದ ಏರು ತಿರುವಿನಲ್ಲಿ ತಿರುಗಲು ಜಾಗ ಸಾಲುವುದಿಲ್ಲ. ಅದಕ್ಕೇ 2024ರ ಫೆಬ್ರವರಿಯಲ್ಲಿ ಭಾವ ಒಂದು ಸೆಕೆಂಡ್ ಹ್ಯಾಂಡ್ ಎಟಿವಿ (ಬೈಕಿನ ಹಾಗೆ ಹ್ಯಾಂಡಲ್ ಹಿಡಿದು, ದಾರಿ ಇಲ್ಲದ ಕಡೆಯೂ ಓಡಿಸುವ ನಾಲ್ಕು ಚಕ್ರದ ಗಾಡಿ) ತಗೊಂಡರು. 500 ಸಿಸಿ, ಒಂದೇ ಸಿಲಿಂಡರ್, ಶಾಫ್ಟ್ ಡ್ರೈವ್, ಬಟನ್ ಒತ್ತಿದರೆ ಫೋರ್ ವೀಲ್, ಅಂದರೆ ನಾಲ್ಕೂ ಚಕ್ರಕ್ಕೆ ಶಕ್ತಿ. ಮೀಟರಿನಲ್ಲಿ 4,100 ಕಿಲೋಮೀಟರ್. ಕೊಟ್ಟಿದ್ದು 3 ಲಕ್ಷದ 10 ಸಾವಿರ. ನೋಂದಣಿ ಇಲ್ಲದ ಗಾಡಿ, ತೋಟದೊಳಗೆ ಮಾತ್ರ ಓಡಾಟ.

ಯಾವ ಕಂಪನಿಯದು ಅಂತ ಇಲ್ಲಿ ಬರೆಯುವುದಿಲ್ಲ. ಕೆಟ್ಟಿದ್ದು ಕಂಪನಿಯ ತಪ್ಪಿನಿಂದ ಅಲ್ಲ. ಇದೇ ಗತಿ ಯಾವ ಗಾಡಿಗೂ ಬರಬಹುದು.

ಬೇಸಿಗೆಯಲ್ಲಿ ಗಾಡಿ ಚಿನ್ನದ ಹಾಗೆ ಕೆಲಸ ಮಾಡಿತು. ಕಾಫಿ ಹೂ ಅರಳಿಸುವ ಹೂ ಮಳೆ ಕೈಕೊಟ್ಟಾಗ ಸ್ಪ್ರಿಂಕ್ಲರ್ ಪೈಪ್ ಹೊತ್ತಿತು. ಮೇ ಕೊನೆಯಲ್ಲಿ ಬೋರ್ಡೋ ದ್ರಾವಣದ ಡ್ರಮ್ ಹೊತ್ತಿತು. ಆಮೇಲೆ ಮಳೆ ಬಂತು. 2024ರ ಜುಲೈ ನಮ್ಮ ಕಡೆಯವರಿಗೆ ಚೆನ್ನಾಗಿ ನೆನಪಿರುತ್ತದೆ, ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದು ರಸ್ತೆ ಬಂದ್ ಆದ ತಿಂಗಳು ಅದು. ಹಳ್ಳದಲ್ಲಿ ನೀರು ಇಳಿದ ದಿನಗಳಲ್ಲೆಲ್ಲ ಗಾಡಿ ದಾಟಿ ದಾಟಿ ಓಡಾಡಿತು. ಒಂದೂವರೆ ಅಡಿ ನೀರು, ದಿನಕ್ಕೆ ನಾಲ್ಕೈದು ಸಲ.

ಅಕ್ಟೋಬರಿನಲ್ಲಿ ಶಬ್ದ ಶುರುವಾಯಿತು. ಮೊದಲು ತಿರುವಿನಲ್ಲಿ ಮುಂದುಗಡೆ ಕಟಕಟ. ಹತ್ತು ದಿನದಲ್ಲಿ ಇನ್ನೊಂದು ಶಬ್ದ ಸೇರಿತು: ಆಕ್ಸಿಲರೇಟರ್ ಬಿಟ್ಟಾಗ ಗುಂಯ್ ಅನ್ನುವ ಕೂಗು. ಫೋರ್ ವೀಲ್ ತೆಗೆದರೂ ಕೂಗು ನಿಲ್ಲಲಿಲ್ಲ. ಫೋರ್ ವೀಲ್ ಹಾಕಿದರೆ ಸ್ಟೀರಿಂಗ್ ಭಾರ.

ಭಾವ ಗಾಡಿಯನ್ನು ಪಿಕಪ್‌ನಲ್ಲಿ ಹಾಕಿ ವರ್ಕ್‌ಶಾಪಿಗೆ ಕಳಿಸಿದರು. ಎರಡು ದಿನಕ್ಕೆ ಫೋನ್ ಬಂತು. ಮುಂದಿನ ಡಿಫರೆನ್ಷಿಯಲ್ (ಮುಂದಿನ ಎರಡು ಚಕ್ರಕ್ಕೆ ಶಕ್ತಿ ಹಂಚುವ ಗೇರ್ ಪೆಟ್ಟಿಗೆ) ಹೋಗಿದೆ, ಪೂರ್ತಿ ಅಸೆಂಬ್ಲಿ ಬದಲಿಸಬೇಕು, ಬಿಡಿ ಭಾಗ ಇಲ್ಲಿ ಸಿಗುವುದಿಲ್ಲ. ಹೊರದೇಶದಿಂದ ತರಿಸಲು ಸುಂಕ ಎಲ್ಲ ಸೇರಿ 1 ಲಕ್ಷದ 85 ಸಾವಿರ, ಕೂಲಿ 12 ಸಾವಿರ, ಆರರಿಂದ ಎಂಟು ವಾರ. ಅರೇಬಿಕಾ ಕೊಯ್ಲು ಇನ್ನೇನು ಶುರುವಾಗಬೇಕಿತ್ತು. ಭಾವ ಆ ರಾತ್ರಿ ನನಗೆ ಫೋನ್ ಮಾಡಿದಾಗ ಗಾಡಿ ಮಾರುವ ಮಾತಾಡುತ್ತಿದ್ದರು. "ಮೂರು ಲಕ್ಷದ ಗಾಡಿಗೆ ಎರಡು ಲಕ್ಷ ಹಾಕಿ ಏನ್ ಮಾಡೋದು ಮಾರಾಯ?"

ನಾನು ಕೇಳಿದ್ದು ಒಂದೇ ಪ್ರಶ್ನೆ. ಆಯಿಲ್ ಹೇಗಿತ್ತಂತೆ?

ಭಾವನಿಗೆ ಗೊತ್ತಿರಲಿಲ್ಲ. ಮರುದಿನ ವರ್ಕ್‌ಶಾಪಿಗೆ ಫೋನ್ ಮಾಡಿ ಕೇಳಿದರು. ಅಲ್ಲಿ ಯಾರೂ ಆಯಿಲ್ ಇಳಿಸಿಯೇ ಇರಲಿಲ್ಲ. ಓಡಿಸಿ, ಶಬ್ದ ಕೇಳಿ, ಎಸ್ಟಿಮೇಟ್ ಬರೆದಿದ್ದರು. ಈ ಬರಹ ಬರೆಯಲು ನನಗೆ ಕಾರಣ ಅದೇ. ನಮ್ಮ ಸುತ್ತಮುತ್ತಲ ತೋಟಗಳ ಶೆಡ್ಡುಗಳಲ್ಲಿ ಇದೇ ಮಾತು ಕೇಳಿ ನಿಲ್ಲಿಸಿದ ಎಟಿವಿಗಳನ್ನು ನಾನೇ ಮೂರು ನೋಡಿದ್ದೇನೆ. ಕಾಲು ಲೀಟರೂ ಇಲ್ಲದ ಆ ಆಯಿಲನ್ನು ಇಳಿಸಿ ನೋಡದೆ ಎರಡು ಲಕ್ಷದ ತೀರ್ಮಾನ ಮಾಡಬಾರದು, ಅಲ್ವಾ?

ಗಾಡಿ ವಾಪಸ್ ಬಂತು. ನಾನು ರಜೆ ಹಾಕಿ ಹೋದೆ. ಸಕಲೇಶಪುರದಲ್ಲಿ ನಲವತ್ತು ವರ್ಷದಿಂದ ಜೀಪ್ ಕೆಲಸ ಮಾಡುವ ಒಬ್ಬ ಮೆಕ್ಯಾನಿಕ್ ಇದ್ದಾರೆ, ಎಲ್ಲರೂ ಮೇಸ್ತ್ರಿ ಅಂತಲೇ ಕರೆಯುವುದು. ಅವರು ಎಟಿವಿ ಬಿಚ್ಚಿದವರಲ್ಲ. "ಕ್ರೌನ್ ಪಿನಿಯನ್ ಅಂದ್ರೆ ಎಲ್ಲಾ ಕಡೆ ಕ್ರೌನ್ ಪಿನಿಯನ್ನೇ ಸಾವ್ಕಾರ್ರೆ, ಸೈಜ್ ಸಣ್ಣದು ಅಷ್ಟೆ" ಅಂದರು. ಡಿಫರೆನ್ಷಿಯಲ್ ಒಳಗೆ ಶಾಫ್ಟಿನ ತುದಿಯ ಸಣ್ಣ ಗೇರ್ ಪಿನಿಯನ್, ಅದು ತಿರುಗಿಸುವ ದೊಡ್ಡ ಗೇರ್ ಕ್ರೌನ್. ಭಾವನಿಗೆ ಅರ್ಧ ಧೈರ್ಯ ಬಂತು.

ಬಿಚ್ಚುವ ಮೊದಲು ನೋಡಿದ್ದು

ಡಿಫರೆನ್ಷಿಯಲ್ ಯಾಕೆ ಬೇಕು ಎಂದರೆ, ತಿರುವಿನಲ್ಲಿ ಹೊರಗಿನ ಚಕ್ರ ಜಾಸ್ತಿ ದೂರ ಓಡಬೇಕು, ಒಳಗಿನದು ಕಡಿಮೆ. ಎರಡಕ್ಕೂ ಶಕ್ತಿ ಕೊಡುತ್ತಲೇ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರ್ ಪೆಟ್ಟಿಗೆ ಅದು. ನಮ್ಮ ಗಾಡಿಯಲ್ಲಿ ಈ ಪೆಟ್ಟಿಗೆಗೆ ಒಂದು ಸಣ್ಣ ಮೋಟಾರ್ ಇದೆ. ಅದೇ ಟೂ ವೀಲ್, ಫೋರ್ ವೀಲ್, ಲಾಕ್ ಮೂರನ್ನೂ ಬದಲಿಸುತ್ತದೆ. ಲಾಕ್ ಹಾಕಿದರೆ ಮುಂದಿನ ಎರಡೂ ಚಕ್ರ ಒಂದೇ ವೇಗದಲ್ಲಿ ತಿರುಗುತ್ತವೆ. ಇಲ್ಲಿ ಒಂದು ವಿಷಯ ಗಮನಿಸಬೇಕು. ಟೂ ವೀಲಿನಲ್ಲಿ ಓಡಿಸಿದರೂ ಮುಂದಿನ ಚಕ್ರಗಳು ಆಕ್ಸಲ್ ಮೂಲಕ ಪೆಟ್ಟಿಗೆಯೊಳಗಿನ ಗೇರನ್ನು ತಿರುಗಿಸುತ್ತಲೇ ಇರುತ್ತವೆ. ಹಾಗಾಗಿ ಫೋರ್ ವೀಲ್ ಹಾಕದಿದ್ದರೂ ಬೇರಿಂಗ್ ಸವೆಯುತ್ತದೆ, ಶಬ್ದವೂ ಬರುತ್ತದೆ.

ಮುಂಭಾಗವನ್ನು ಜಾಕ್ ಕೊಟ್ಟು ಎತ್ತಿ, ಕೆಳಗೆ ಮರದ ದಿಮ್ಮಿ ಕೊಟ್ಟೆವು. ಟೂ ವೀಲಿನಲ್ಲಿ ಚಕ್ರವನ್ನು ನಿಧಾನಕ್ಕೆ ಕೈಯಲ್ಲಿ ತಿರುಗಿಸಿದರೆ ಅಂಗೈಗೆ ಒಂದು ಒರಟು ತಾಗುತ್ತಿತ್ತು, ಬೀಸುವ ಕಲ್ಲಿನ ನಡುವೆ ಮರಳು ಸಿಕ್ಕ ಹಾಗೆ. ಆಮೇಲೆ ಗೇರ್ ಪಾರ್ಕಿಗೆ ಹಾಕಿ, ಫೋರ್ ವೀಲ್ ಕೂರಿಸಿ ಎಡ ಚಕ್ರ ಮುಂದಕ್ಕೆ ತಿರುಗಿಸಿದೆವು. ಬಲ ಚಕ್ರ ಹಿಂದಕ್ಕೆ ತಿರುಗಿತು. ಅಂದರೆ ಒಳಗಿನ ಸಣ್ಣ ಗೇರುಗಳು ಸರಿ ಇವೆ. ಲಾಕ್ ಒತ್ತಿದೆವು. ಎರಡೂ ಚಕ್ರ ಅಲ್ಲಾಡಲಿಲ್ಲ. ಲಾಕೂ ಸರಿ, ಮೋಟಾರೂ ಸರಿ, ಪಿನಿಯನ್ನಿನಿಂದ ಚಕ್ರದವರೆಗೆ ಕೊಂಡಿ ಎಲ್ಲೂ ತಪ್ಪಿಲ್ಲ. ಐದು ನಿಮಿಷದ ಪರೀಕ್ಷೆ, ಒಂದು ಪೈಸೆ ಖರ್ಚಿಲ್ಲ.

ಇನ್ನು ಕಟಕಟ. ಸ್ಟೀರಿಂಗ್ ನೇರ ಇಟ್ಟು ಚಕ್ರ ತಿರುಗಿಸಿದರೆ ಇಲ್ಲ. ಪೂರ್ತಿ ಎಡಕ್ಕೆ ತಿರುಗಿಸಿ ಚಕ್ರ ತಿರುಗಿಸಿದರೆ ಎಡಗಡೆಯಿಂದ ಟಕ್, ಟಕ್, ಟಕ್. ಅದು ಡಿಫರೆನ್ಷಿಯಲ್ ಅಲ್ಲ, ಆಕ್ಸಲ್ ತುದಿಯ ಸಿವಿ ಜಾಯಿಂಟ್, ಚಕ್ರ ತಿರುವಿದಾಗಲೂ ಶಕ್ತಿ ಮುಟ್ಟಿಸುವ ಕೀಲು. ಮೇಸ್ತ್ರಿ ಟಾರ್ಚ್ ಹಿಡಿದು ಮಲಗಿ ರಬ್ಬರ್ ಬೂಟಿನ ಮಡಿಕೆಯನ್ನು ಬೆರಳಿನಿಂದ ಬಿಡಿಸಿದರು. ಎರಡು ಅಂಗುಲದ ಸೀಳು. ಕಡಿದ ಕಾಫಿ ಗಿಡದ ಕುಟ್ಟೆಗೆ ತಾಗಿರಬೇಕು. ಗ್ರೀಸ್ ಹೊರಗೆ ಹಾರಿ, ಒಳಗೆ ಕೆಂಪು ಮಣ್ಣು ಸೇರಿತ್ತು. ವರ್ಕ್‌ಶಾಪಿನವರು ಈ ಎರಡು ಶಬ್ದಗಳನ್ನೂ ಒಂದೇ ಲೆಕ್ಕಕ್ಕೆ ಸೇರಿಸಿದ್ದರು. ಬೇರೆ ಬೇರೆ ಜಾಗದ ಎರಡು ರೋಗ ಅವು. ಹೊಸ ಡಿಫರೆನ್ಷಿಯಲ್ ಹಾಕಿದ್ದರೂ ಕಟಕಟ ಹಾಗೇ ಉಳಿಯುತ್ತಿತ್ತು.

ವೀಲ್ ಬೇರಿಂಗ್ ನೋಡಲು ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದೆವು. ಪ್ಲೇ (ಸಡಿಲ) ಇಲ್ಲ.

ಆಯಿಲ್ ಹೇಳಿದ್ದು

ಒಂದು ಸ್ಟೀಲ್ ತಟ್ಟೆ ಇಟ್ಟು ಡ್ರೈನ್ ಬೋಲ್ಟ್ ಬಿಚ್ಚಿದೆವು. ಹೊಸ ಗೇರ್ ಆಯಿಲ್ ಜೇನಿನ ಬಣ್ಣದಲ್ಲಿರುತ್ತದೆ. ಹಳೆಯದಾದರೆ ಕಪ್ಪಾಗುತ್ತದೆ. ತಟ್ಟೆಗೆ ಬಿದ್ದದ್ದು ಎರಡೂ ಅಲ್ಲ. ಹಾಲು ಜಾಸ್ತಿ ಹಾಕಿದ ಕಾಫಿಯ ಬಣ್ಣ. ಮೊದಲು ಎರಡು ಚಮಚದಷ್ಟು ನೀರೇ ಬಂತು, ತುಕ್ಕಿನ ಬಣ್ಣದ್ದು. ಆಮೇಲೆ ಗಟ್ಟಿ ಕೆನೆಯ ಹಾಗೆ ಆಯಿಲ್ ನಿಧಾನಕ್ಕೆ ಜಾರಿತು. ಭಾವ ನೋಡುತ್ತಾ ನಿಂತರು, ಮಾತಾಡಲಿಲ್ಲ.

ಡ್ರೈನ್ ಬೋಲ್ಟಿನ ತುದಿಯಲ್ಲಿ ಅಯಸ್ಕಾಂತ ಇರುತ್ತದೆ. ಅದಕ್ಕೆ ಅಂಟಿದ್ದನ್ನು ಬಿಳಿ ಕಾಗದದ ಮೇಲೆ ಒರೆಸಿ ಬಿಸಿಲಿಗೆ ಹಿಡಿದು ನೋಡಬೇಕು. ಬೂದಿಯಂಥ ನುಣ್ಣನೆ ಕಪ್ಪು ಪೇಸ್ಟ್ ಇದ್ದರೆ ಅದು ಮಾಮೂಲಿ ಸವೆತ, ಹೆದರಬೇಕಿಲ್ಲ. ಮೀನಿನ ಹುರುಪೆಯ ಹಾಗೆ ಹೊಳೆಯುವ ತೆಳು ಚೂರು ಇದ್ದರೆ ಬೇರಿಂಗಿನ ಮೈ ಏಳುತ್ತಿದೆ. ಅಂಚು ಚೂಪಾಗಿರುವ ದಪ್ಪ ತುಂಡು ಇದ್ದರೆ ಗೇರಿನ ಹಲ್ಲು ಮುರಿದಿದೆ, ಆಗ ಮಾತ್ರ ದೊಡ್ಡ ಖರ್ಚಿನ ಮಾತು. ನಮ್ಮದರಲ್ಲಿ ಪೇಸ್ಟ್ ಇತ್ತು, ಐದಾರು ಹುರುಪೆ ಇದ್ದವು. ಹಲ್ಲಿನ ತುಂಡು ಒಂದೂ ಇರಲಿಲ್ಲ. ಮೇಸ್ತ್ರಿ ಕಾಗದ ಮಡಚಿ ಜೇಬಿಗಿಟ್ಟುಕೊಂಡರು. "ಬೇರಿಂಗ್ ಹೋಗಿದೆ. ಕ್ರೌನ್ ಬದುಕಿದೆ."

ನೀರು ಒಳಗೆ ಹೋಗಿದ್ದು ಹೇಗೆ? ಹಳ್ಳ ದಾಟಿದ್ದರಿಂದ ಅಂತ ಸುಲಭವಾಗಿ ಹೇಳಬಹುದು. ಆದರೆ ಈ ಗಾಡಿಗಳನ್ನು ಹಳ್ಳ ದಾಟುವುದಕ್ಕೆಂದೇ ಮಾಡಿರುತ್ತಾರೆ. ಒಂದೂವರೆ ಅಡಿ ನೀರಿಗೆ ಸೀಲ್ (ಶಾಫ್ಟು, ಆಕ್ಸಲ್ ಪೆಟ್ಟಿಗೆಯಿಂದ ಹೊರಬರುವ ಜಾಗದ ರಬ್ಬರ್ ಬಳೆ) ಸೋಲಬಾರದು. ಪೆಟ್ಟಿಗೆಯ ಮೇಲಿಂದ ಒಂದು ತೆಳು ರಬ್ಬರ್ ಪೈಪ್ ಹೊರಟು ಹ್ಯಾಂಡಲ್ ಹತ್ತಿರ ಏರಿ ಅಲ್ಲಿ ಬಾಯಿ ತೆರೆಯುತ್ತದೆ. ಉಸಿರಾಡುವ ಪೈಪ್ ಅದು. ನಾನು ಅದರ ಕೆಳತುದಿ ಕಿತ್ತು ಬಾಯಿಗಿಟ್ಟು ಊದಿದೆ. ಗಾಳಿ ಹೋಗಲಿಲ್ಲ. ಮೇಲ್ತುದಿಯನ್ನು ಪ್ಲಾಸ್ಟಿಕ್ ಕವರಿನ ಕೆಳಗಿಂದ ಎಳೆದು ತೆಗೆದರೆ, ಬಾಯಿಗೆ ಮಣ್ಣು ಮೆತ್ತಿತ್ತು. ಕೆಸರು ಹಾರಿ ಕೂತಿದ್ದಲ್ಲ. ನುಣ್ಣಗೆ, ಒಳಕ್ಕೆ ತುಂಬಿ ಸವರಿದ ಮಣ್ಣು. ಬ್ಲೇಡಿನಿಂದ ಪೈಪನ್ನು ಉದ್ದಕ್ಕೆ ಸೀಳಿದೆ. ಒಂದೂವರೆ ಅಂಗುಲ ಮಣ್ಣಿನ ಬಿರಡೆ, ಅದರ ಹಿಂದೆ ಒಣಗಿ ಮುದುಡಿದ ಮೂರು ಸಣ್ಣ ಜೇಡಗಳು. ಗೋಡೆಗೆ ಮಣ್ಣಿನ ಗೂಡು ಕಟ್ಟುವ ಕಣಜದ ಹುಳ ಗೊತ್ತಲ್ಲ, ಅದು ಮೊಟ್ಟೆ ಇಟ್ಟು, ಮರಿಗೆ ಆಹಾರ ಎಂದು ಜೇಡ ತುಂಬಿ, ಬಾಯಿ ಮುಚ್ಚಿ ಹೋಗಿತ್ತು. ಬಾಗಿಲ ಚಿಲಕದ ತೂತು, ಸ್ವಿಚ್ ಬೋರ್ಡು, ಮಡಚಿಟ್ಟ ಛತ್ರಿ, ಎಲ್ಲಿ ತೂತು ಸಿಕ್ಕರೂ ಅದು ಗೂಡು ಮಾಡುತ್ತದೆ. ನಮ್ಮ ಕಡೆ ಇದು ಪ್ರತಿ ಮನೆಯಲ್ಲೂ ಕಾಣುವ ದೃಶ್ಯ.

ಈ ಪೈಪ್ ಮುಚ್ಚಿದರೆ ಏನಾಗುತ್ತದೆ ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಏರಿನಲ್ಲಿ ದುಡಿದು ಬಂದ ಡಿಫರೆನ್ಷಿಯಲ್ ಬಿಸಿಯಾಗಿರುತ್ತದೆ. 70 ಡಿಗ್ರಿ ಅಂತ ಇಟ್ಟುಕೊಳ್ಳಿ. ಒಳಗಿನ ಗಾಳಿ ಹಿಗ್ಗಿ, ಪೈಪ್ ಮುಚ್ಚಿದ್ದರಿಂದ ಸೀಲಿನ ತುಟಿಯಿಂದ ಸ್ವಲ್ಪ ಸ್ವಲ್ಪವೇ ಹೊರಗೆ ನುಸುಳಿರುತ್ತದೆ. ಆ ಬಿಸಿ ಪೆಟ್ಟಿಗೆ ಹಳ್ಳದ 25 ಡಿಗ್ರಿ ನೀರಿಗೆ ಇಳಿಯುತ್ತದೆ. ಉಳಿದ ಗಾಳಿ ತಟ್ಟನೆ ಕುಗ್ಗುತ್ತದೆ. ಲೆಕ್ಕ ಹಾಕಿದರೆ ಒಳಗಿನ ಒತ್ತಡ ಸುಮಾರು 13 ಶೇಕಡಾ ಇಳಿಯಬಹುದು. ಅದು ನಾಲ್ಕು ಅಡಿಗಿಂತ ಆಳದ ನೀರಿನ ಒತ್ತಡಕ್ಕೆ ಸಮ. ಹಳ್ಳದ ಆಳ ಒಂದೂವರೆ ಅಡಿಯೇ ಇದ್ದರೂ, ಪೆಟ್ಟಿಗೆ ತಾನಾಗಿ ನೀರನ್ನು ಹೀರುತ್ತದೆ. ಆಯಿಲ್ ಸೀಲಿನ ತುಟಿ ಇರುವುದು ಒಳಗಿನ ಆಯಿಲನ್ನು ತಡೆಯಲು. ಹೊರಗಿನಿಂದ ಒಳಕ್ಕೆ ತಳ್ಳುವ ಒತ್ತಡಕ್ಕೆ ಅದು ಅಷ್ಟು ಗಟ್ಟಿ ಅಲ್ಲ. ದಿನಕ್ಕೆ ನಾಲ್ಕು ಸಲ ಹಳ್ಳ ದಾಟಿದರೆ ನಾಲ್ಕು ಗುಟುಕು.

ಇದರ ಜೊತೆಗೆ ಸಂಜೆಯ ಸ್ನಾನ. ಗಾಡಿ ಓಡಿಸುವ ಹುಡುಗ ಬಹಳ ಶ್ರದ್ಧೆಯವನು. ಕೆಲಸ ಮುಗಿದ ತಕ್ಷಣ ಸ್ಪ್ರೇ ಪಂಪಿನ ಗನ್ ಹಿಡಿದು ಕೆಳಗೆಲ್ಲ ತೊಳೆಯುತ್ತಿದ್ದ. ಬಿಸಿ ಪೆಟ್ಟಿಗೆ, ಆಕ್ಸಲ್ ಸೀಲಿನ ಮೇಲೆ ನೇರ ಪ್ರೆಶರ್ ನೀರು. ಅವನ ತಪ್ಪಲ್ಲ, ಯಾರೂ ಅವನಿಗೆ ಹೇಳಿರಲಿಲ್ಲ.

ಬಿಚ್ಚಿ ಕಟ್ಟಿದ್ದು

ಆಕ್ಸಲ್ ಎರಡೂ ಒಂದೇ ಜಗ್ಗಿಗೆ ಬಂದವು. ಡಿಫರೆನ್ಷಿಯಲ್ ಕೆಳಗಿಳಿಸಲು ಮೂರು ಗಂಟೆ ಹಿಡಿಯಿತು, ಬೋಲ್ಟುಗಳೆಲ್ಲ ತುಕ್ಕು ಹಿಡಿದಿದ್ದವು. ಕವರ್ ತೆಗೆದಾಗ ಮೇಸ್ತ್ರಿಯ ಮಾತು ನಿಜವಾಯಿತು. ಕ್ರೌನಿನ ಹಲ್ಲು ಎಲ್ಲವೂ ಇದ್ದವು, ಆದರೆ ಕೆಳಗೆ ನೀರಿನಲ್ಲಿ ಮುಳುಗಿ ನಿಂತಿದ್ದ ನಾಲ್ಕೈದು ಹಲ್ಲುಗಳ ಮೇಲೆ ಸಾಸಿವೆ ಉದುರಿಸಿದ ಹಾಗೆ ತುಕ್ಕಿನ ಚುಕ್ಕೆ. ಪಿನಿಯನ್ ಬೇರಿಂಗ್ ಕೈಯಲ್ಲಿ ತಿರುಗಿಸಿದರೆ ಕರಕರ.

ಬೇರಿಂಗ್ ವಿಷಯದಲ್ಲಿ ಜನ ಸುಮ್ನೆ ಹೆದರುತ್ತಾರೆ. ಗಾಡಿ ಹೊರದೇಶದ್ದಾದರೂ ಒಳಗಿನ ಬಾಲ್ ಬೇರಿಂಗ್ ಬಹುಪಾಲು ಜಗತ್ತಿನ ಸಾಮಾನ್ಯ ಅಳತೆಯದ್ದೇ. ಉಂಗುರದ ಮುಖದ ಮೇಲೆ ನಂಬರ್ ಕೊರೆದಿರುತ್ತದೆ. ನಮ್ಮ ಪಿನಿಯನ್ನಿನಲ್ಲಿ 6305 ಇತ್ತು. ಕೊನೆಯ ಎರಡು ಅಂಕಿಯನ್ನು ಐದರಿಂದ ಗುಣಿಸಿದರೆ ಒಳವ್ಯಾಸ: 25 ಮಿಲಿಮೀಟರ್. ಹೊರವ್ಯಾಸ 62, ಅಗಲ 17. ಇದೇ ಅಳತೆ ಹಾಸನದ ಬೇರಿಂಗ್ ಅಂಗಡಿಯಲ್ಲಿ ಆ ಕ್ಷಣಕ್ಕೆ ಸಿಕ್ಕಿತು. ಕ್ರೌನಿನ ಎರಡೂ ಕಡೆಯ 6010 ಕೂಡ. ಬೇರಿಂಗ್ ಎಲ್ಲ ಸೇರಿ 2,150 ರೂಪಾಯಿ. ಅಧಿಕೃತ ಡೀಲರ್ ಹತ್ತಿರವೇ ತಗೊಳ್ಳಿ, ಬಿಲ್ ಕೇಳಿ. ಹೆಸರಾಂತ ಕಂಪನಿಯ ಡಬ್ಬದಲ್ಲಿ ನಕಲಿ ಮಾಲು ಮಾರುವವರು ಇದ್ದಾರೆ. ಇನ್ನೂರು ರೂಪಾಯಿ ಉಳಿಸಲು ಹೋಗಿ ಮತ್ತೆ ಪೂರ್ತಿ ಬಿಚ್ಚುವ ಕೆಲಸ ಯಾಕೆ?

ಆಯಿಲ್ ಸೀಲ್ ಅಷ್ಟು ಸಲೀಸಾಗಿರಲಿಲ್ಲ. ಸೀಲಿನ ಮೇಲೂ ಅಳತೆ ಬರೆದಿರುತ್ತದೆ: ಒಳವ್ಯಾಸ, ಹೊರವ್ಯಾಸ, ದಪ್ಪ. ಆಕ್ಸಲ್ ಸೀಲ್ ಎರಡೂ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಮೂರನೇ ಅಂಗಡಿಗೆ ಸಿಕ್ಕವು. ಪಿನಿಯನ್ ಸೀಲ್ ಅದೇ ವ್ಯಾಸದ್ದು ಸಿಕ್ಕಿತು, ದಪ್ಪ ಮಾತ್ರ ಒಂದು ಮಿಲಿಮೀಟರ್ ಕಡಿಮೆ. ವ್ಯಾಸ ಎರಡೂ ಸರಿ ಇದ್ದು, ದಪ್ಪ ಸ್ವಲ್ಪ ಕಡಿಮೆ ಇದ್ದರೆ ನಡೆಯುತ್ತದೆ. ಒಂದು ಲಾಭವೂ ಇದೆ. ಶಾಫ್ಟಿನ ಮೇಲೆ ಹಳೆ ತುಟಿ ಸವೆಸಿದ ಗೆರೆಯನ್ನು ಬಿಟ್ಟು ಹೊಸ ತುಟಿ ಬೇರೆ ಜಾಗದಲ್ಲಿ ಕೂರುತ್ತದೆ.

ಆ ಎರಡು ದಿನದಲ್ಲಿ ನನಗೆ ಬಹಳ ಇಷ್ಟವಾದದ್ದು ಹಳೆ ಬೇರಿಂಗ್ ಬಿಡಿಸಿದ ರೀತಿ. ಪಿನಿಯನ್ ಬೇರಿಂಗ್ ಅಲ್ಯೂಮಿನಿಯಂ ಪೆಟ್ಟಿಗೆಯಲ್ಲಿ ಬಿಗಿಯಾಗಿ ಕೂತಿರುತ್ತದೆ. ಸುತ್ತಿಗೆಯಿಂದ ಹೊಡೆದರೆ ಪೆಟ್ಟಿಗೆ ಬಿರುಕು ಬಿಡುತ್ತದೆ. ಆಗ ನಿಜವಾಗಿಯೂ ಹೊಸ ಅಸೆಂಬ್ಲಿಯೇ ಗತಿ. ಮೇಸ್ತ್ರಿ ಪೆಟ್ಟಿಗೆಯನ್ನು ಬಚ್ಚಲು ಮನೆಯ ಹಂಡೆಗೆ ಇಳಿಸಿ, ಒಲೆಗೆ ಕಾಫಿ ಕಟ್ಟಿಗೆ ತುಂಬಿದರು. ನೀರು ಕುದಿ ಬಂದ ಮೇಲೆ ಕಾಲು ಗಂಟೆ ಬಿಟ್ಟರು. ಅಲ್ಯೂಮಿನಿಯಂ ಉಕ್ಕಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಹಿಗ್ಗುತ್ತದೆ. 62 ಮಿಲಿಮೀಟರಿನ ಆ ಗುಂಡಿಯಲ್ಲಿ ವ್ಯತ್ಯಾಸ ಮಿಲಿಮೀಟರಿನ ಇಪ್ಪತ್ತನೇ ಒಂದು ಭಾಗದಷ್ಟು. ಕೂದಲಿಗಿಂತ ತೆಳು. ಅಷ್ಟು ಸಾಕಾಯಿತು. ಗೋಣಿಚೀಲದಲ್ಲಿ ಪೆಟ್ಟಿಗೆ ಹಿಡಿದು, ಬೋರಲು ಮಾಡಿ ಮರದ ಹಲಗೆಯ ಮೇಲೆ ಒಂದು ಸಲ ತಟ್ಟಿದರು. ಬೇರಿಂಗ್ ತಾನಾಗಿ ಬಿತ್ತು. ಹೊಸ ಬೇರಿಂಗನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಅಕ್ಕನ ಫ್ರಿಜ್ಜಿನ ಫ್ರೀಜರಿನಲ್ಲಿ ರಾತ್ರಿಯಿಡೀ ಇಟ್ಟಿದ್ದೆವು. ಪೆಟ್ಟಿಗೆಯನ್ನು ಸೀಮೆಎಣ್ಣೆಯಲ್ಲಿ ತೊಳೆದು, ಕಣದ ಬಿಸಿಲಿನಲ್ಲಿ ಒಣಗಿಸಿ, ಮತ್ತೆ ಬಿಸಿ ಮಾಡಿ, ತಣ್ಣನೆ ಬೇರಿಂಗನ್ನು ಒರೆಸಿ ಇಟ್ಟರೆ ಎರಡು ಹೆಬ್ಬೆರಳಿಗೆ ಕೂತಿತು.

ಶಿಮ್‌ಗಳ ಬಗ್ಗೆ ಒಂದು ಎಚ್ಚರ. ಕ್ರೌನಿನ ಪಕ್ಕ ಕಾಗದದಷ್ಟು ತೆಳುವಾದ ಲೋಹದ ಬಿಲ್ಲೆಗಳಿರುತ್ತವೆ. ಕ್ರೌನಿಗೂ ಪಿನಿಯನ್ನಿಗೂ ನಡುವಿನ ಸಂದು ಅವುಗಳಿಂದಲೇ ನಿಲ್ಲುವುದು. ಎಡಗಡೆಯದು ಎಡಕ್ಕೆ, ಬಲಗಡೆಯದು ಬಲಕ್ಕೆ. ಅದಲು ಬದಲಾದರೆ ಹೊಸ ಬೇರಿಂಗ್ ಹಾಕಿಯೂ ಗೇರ್ ಕೂಗುತ್ತದೆ, ಹಲ್ಲು ಬೇಗ ಹೋಗುತ್ತದೆ. ನಾವು ಒಂದೊಂದನ್ನೂ ಹೆಸರು ಬರೆದ ಲಕೋಟೆಗೆ ಹಾಕಿಟ್ಟೆವು. ಕಟ್ಟಿದ ಮೇಲೆ ಲೇತ್ ಅಂಗಡಿಯಿಂದ ಡಯಲ್ ಗೇಜ್ ತಂದು ಬ್ಯಾಕ್‌ಲ್ಯಾಶ್, ಅಂದರೆ ಹಲ್ಲುಗಳ ನಡುವಿನ ಆ ಸಂದು, ಅಳೆದೆವು. ಮೂರು ಜಾಗದಲ್ಲಿ 0.16, 0.18, 0.18 ಮಿಲಿಮೀಟರ್ ಬಂತು. ನಮ್ಮ ಗಾಡಿಯ ಮ್ಯಾನ್ಯುಯಲ್ಲಿನ ಮಿತಿಯೊಳಗೇ ಇತ್ತು.

ಬೇರಿಂಗ್ ಕೂರುವ ಗುಂಡಿಯನ್ನೂ ನೋಡಿದೆವು. ಹೊರ ಉಂಗುರ ಅಲ್ಯೂಮಿನಿಯಂ ಒಳಗೆ ತಿರುಗಿ ಗುಂಡಿ ಅಗಲವಾಗಿದ್ದರೆ, ಇಲ್ಲವೇ ಹಲ್ಲು ಮುರಿದಿದ್ದರೆ, ಇಲ್ಲವೇ ಪೆಟ್ಟಿಗೆ ಒಡೆದಿದ್ದರೆ ನಾನೂ ಹೊಸ ಅಸೆಂಬ್ಲಿಯೇ ಹಾಕಿ ಎನ್ನುತ್ತಿದ್ದೆ. ವರ್ಕ್‌ಶಾಪಿನವರ ಉತ್ತರ ಯಾವಾಗಲೂ ತಪ್ಪು ಅಂತಲ್ಲ. ನೋಡದೆ ಹೇಳಿದ್ದು ತಪ್ಪು.

ಟೈರಿನ ವಿಷಯ

ಇಷ್ಟೆಲ್ಲ ಆದ ಮೇಲೂ ಫೋರ್ ವೀಲಿನಲ್ಲಿ ಸ್ಟೀರಿಂಗ್ ಭಾರ ಯಾಕೆ ಅನ್ನುವುದು ನನ್ನ ತಲೆಯಲ್ಲಿತ್ತು. ಲಾಕ್ ಹಾಕದೆ ಇದ್ದರೂ ಎಳೆಯುತ್ತಿತ್ತು. ಟೈರಿನ ಗೋಡೆಯ ಮೇಲಿನ ಅಂಕಿ ಓದಿದಾಗ ತಿಳಿಯಿತು. ಮುಂದೆ 25×8-12, ಮೊದಲ ಅಂಕಿ ಇಂಚಿನಲ್ಲಿ ಟೈರಿನ ವ್ಯಾಸ. ಹಿಂದೆ ಇರಬೇಕಾದದ್ದು 25×10-12, ಆದರೆ ಇದ್ದದ್ದು 26 ಇಂಚಿನದು. ಹಳೆ ಮಾಲೀಕರು ಹಿಂದಿನವನ್ನು ಮಾತ್ರ ದೊಡ್ಡದು ಹಾಕಿಸಿದ್ದರು. ಮೇಲಾಗಿ ಮುಂದಿನವು ಸವೆದು ವ್ಯಾಸ ಅರ್ಧ ಇಂಚು ಕಡಿಮೆಯಾಗಿತ್ತು. ಒಂದು ಕಿಲೋಮೀಟರ್ ಹೋಗಲು ಹಿಂದಿನ ಟೈರ್ ಸುಮಾರು 482 ಸುತ್ತು, ಮುಂದಿನದು 511 ಸುತ್ತು ತಿರುಗಬೇಕು. ಫೋರ್ ವೀಲ್ ಹಾಕಿದರೆ ಶಾಫ್ಟ್ ಎರಡನ್ನೂ ಒಂದೇ ಲೆಕ್ಕದಲ್ಲಿ ತಿರುಗಿಸುತ್ತದೆ, ನಡುವೆ ಹೊಂದಿಸಿಕೊಳ್ಳಲು ಇನ್ನೊಂದು ಡಿಫರೆನ್ಷಿಯಲ್ ಇಲ್ಲ. ಆ 29 ಸುತ್ತಿನ ಜಗಳ ಎಲ್ಲಿಗೆ ಹೋಗಬೇಕು? ಕೆಸರಿನಲ್ಲಿ ಚಕ್ರ ಜಾರಿ ಸರಿಹೋಗುತ್ತದೆ. ಕಾಂಕ್ರೀಟ್ ಕಣದ ಮೇಲೆ ಜಾರುವುದಿಲ್ಲ. ಆ ತಿರುಚು ಪೂರ್ತಿ ಕ್ರೌನ್ ಪಿನಿಯನ್ ಮೇಲೆ ಬೀಳುತ್ತದೆ. ನಮ್ಮಲ್ಲಿ ಫೋರ್ ವೀಲ್ ಬಟನ್ ಮಳೆಗಾಲ ಪೂರ್ತಿ ಒತ್ತಿದ್ದು ಒತ್ತಿದ್ದೇ, ಕಣದ ಮೇಲೂ. ಜೀಪ್ ಓಡಿಸುವ ಹಳಬರಿಗೆ ಗಟ್ಟಿ ನೆಲದಲ್ಲಿ ಫೋರ್ ವೀಲ್ ಹಾಕಬಾರದು ಅನ್ನುವುದು ಗೊತ್ತು. ಬಟನ್ ಬಂದ ಮೇಲೆ ಆ ತಿಳಿವಳಿಕೆ ಯಾರೂ ಕೈದಾಟಿಸಲಿಲ್ಲ.

ಹಿಂದಿನ ಎರಡು ಟೈರ್ ಬದಲಿಸಿದೆವು, 17,600 ರೂಪಾಯಿ. ಭಾವನಿಗೆ ಇದು ಬೇಸರ ತಂದಿತು, ಹಳೆಯವು ಇನ್ನೂ ಗಟ್ಟಿ ಇದ್ದವು. ಆದರೆ ಇದನ್ನು ಬಿಟ್ಟಿದ್ದರೆ ಎರಡು ವರ್ಷದಲ್ಲಿ ಕ್ರೌನ್ ಪಿನಿಯನ್ ಹೋಗುವುದು ಖಂಡಿತ ಅಂತ ನನಗೆ ಅನಿಸಿತು.

ಖರ್ಚು

ಬೇರಿಂಗ್ 2,150. ಆಯಿಲ್ ಸೀಲ್ ಮೂರಕ್ಕೆ 1,640. ಕವರಿನ ಓ-ರಿಂಗ್ 80. 80-90 ಗೇರ್ ಆಯಿಲ್ ಒಂದು ಲೀಟರ್ 460. ಸಿವಿ ಬೂಟ್, ಕ್ಲಿಪ್, ಗ್ರೀಸ್ ಸೇರಿ 1,250. ಉಸಿರಾಟದ ಹೊಸ ಪೈಪ್ 90. ಲೇತ್ ಕೆಲಸ 700. ಮೇಸ್ತ್ರಿಗೆ 6,000. ಬಸ್ಸು, ಕೊರಿಯರ್ 540. ಒಟ್ಟು 12,910. ಟೈರ್ ಸೇರಿಸಿದರೆ 30,510. ಎಸ್ಟಿಮೇಟ್ ಇದ್ದದ್ದು 1,97,000, ಅದರಲ್ಲಿ ಬೂಟೂ ಇರಲಿಲ್ಲ, ಟೈರೂ ಇರಲಿಲ್ಲ, ಮುಚ್ಚಿದ ಪೈಪಿನ ಮಾತಂತೂ ಇರಲೇ ಇಲ್ಲ. ಹೊಸ ಪೆಟ್ಟಿಗೆಯೂ ಅದೇ ಪೈಪಿಗೆ ಸೇರಿ, ಮುಂದಿನ ಮಳೆಗೆ ಅದೇ ಹಳ್ಳದ ನೀರು ಕುಡಿಯುತ್ತಿತ್ತು. ನನಗೆ ಬಹಳ ಸಂಕಟ ಆಗುವುದು ಅಲ್ಲೇ.

ಬೇರೆ ಗಾಡಿ ಇರುವವರಿಗೆ ಒಂದು ಮಾತು. ಎಲ್ಲ ಎಟಿವಿಯ ಮುಂದಿನ ಡಿಫರೆನ್ಷಿಯಲ್ಲೂ ಒಂದೇ ಥರ ಇರುವುದಿಲ್ಲ. ಪೋಲಾರಿಸ್ ಗಾಡಿಗಳಲ್ಲಿ ರೋಲರ್ ಕ್ಲಚ್ ಇರುತ್ತದೆ: ಹಿಂದಿನ ಚಕ್ರ ಜಾರಿದಾಗ ವಿದ್ಯುತ್ ಅಯಸ್ಕಾಂತ ಎಳೆದು, ರೋಲರುಗಳು ಬೆಣೆಯಂತೆ ಸಿಕ್ಕಿಕೊಂಡು ಮುಂದಿನ ಎರಡೂ ಚಕ್ರ ಹಿಡಿಯುತ್ತವೆ. ಅದಕ್ಕೆ ಅದರದೇ ತೆಳು ಆಯಿಲ್ ಬೇಕು, ಜೀಪಿನ 90 ಆಯಿಲ್ ಹಾಕಬಾರದು. ಅಂಥ ಗಾಡಿಯಲ್ಲಿ ಫೋರ್ ವೀಲ್ ಹಿಡಿಯದಿದ್ದರೆ ಪೆಟ್ಟಿಗೆ ಬಿಚ್ಚುವ ಮೊದಲು ಆ ಅಯಸ್ಕಾಂತಕ್ಕೆ ಕರೆಂಟ್ ಬರುತ್ತಿದೆಯಾ ನೋಡಿ. ಪ್ಲಗ್ ತೆಗೆದು ಮಲ್ಟಿಮೀಟರ್ ಇಟ್ಟರೆ ಸುಮಾರು 24 ಓಮ್ ತೋರಿಸಬೇಕು. ವೈರ್ ಉಜ್ಜಿ ತುಂಡಾಗಿದ್ದಕ್ಕೆ, ಪ್ಲಗ್ಗಿನಲ್ಲಿ ತುಕ್ಕು ಹಿಡಿದಿದ್ದಕ್ಕೆ ಪೆಟ್ಟಿಗೆಯನ್ನೇ ಬದಲಿಸುವುದು ಬೇಡ. ಕ್ಯಾನ್-ಆಮ್ ಗಾಡಿಗಳ ವಿಸ್ಕೋ-ಲಾಕ್ ಇನ್ನೊಂದು ರೀತಿ: ಎರಡು ಚಕ್ರದ ವೇಗ ಬೇರೆಯಾದಾಗ ಒಳಗಿನ ದ್ರವದ ಒತ್ತಡದಿಂದ ಹಿಡಿಯುತ್ತದೆ. ಹಾಗಾಗಿ ಅಲ್ಲಿ ಚಕ್ರ ಸ್ವಲ್ಪ ಜಾರಿದ ಮೇಲೆ ಹಿಡಿತ ಬರುವುದು ಸಹಜ, ಅದನ್ನು ಕೆಟ್ಟಿದೆ ಎಂದುಕೊಳ್ಳಬಾರದು.

ಆಮೇಲೆ

ಕಟ್ಟಿದ ಮೇಲೆ 40 ಕಿಲೋಮೀಟರಿಗೆ ಆಯಿಲ್ ಇಳಿಸಿದೆವು. ಸ್ವಲ್ಪ ಮಬ್ಬಾಗಿತ್ತು, ಮೂಲೆಯಲ್ಲಿ ಉಳಿದಿದ್ದ ತೇವ. ಡಬ್ಬದಲ್ಲಿ ಆಯಿಲ್ ಹೇಗೂ ಉಳಿದಿತ್ತು, ಹೊಸದು ಹಾಕಿದೆವು. ಪೈಪಿನ ಬಾಯಿಗೆ ಬೈಕಿನ ಸಣ್ಣ ಪೆಟ್ರೋಲ್ ಫಿಲ್ಟರ್ ಸಿಕ್ಕಿಸಿದ್ದೇವೆ, ಗಾಳಿ ಆಡುತ್ತದೆ, ಹುಳ ನುಗ್ಗುವುದಿಲ್ಲ. ಹಿಂದಿನ ಪೆಟ್ಟಿಗೆಯ ಪೈಪಿಗೂ ಹಾಗೇ ಮಾಡಿದೆವು. ಹುಡುಗ ಈಗ ಗಾಡಿ ನಿಲ್ಲಿಸಿ, ಕಾಫಿ ಕುಡಿದು, ಅರ್ಧ ಗಂಟೆ ಬಿಟ್ಟು ತೊಳೆಯುತ್ತಾನೆ. ಸೀಲಿನ ಹತ್ತಿರ ಗನ್ ಹಿಡಿಯುವುದಿಲ್ಲ, ಬಟ್ಟೆಯಲ್ಲಿ ಒರೆಸುತ್ತಾನೆ. ತಿಂಗಳಿಗೊಮ್ಮೆ ಪೈಪ್ ಊದಿ ನೋಡುವ ಕೆಲಸ ತೋಟದ ಲೆಕ್ಕ ಬರೆಯುವ ರೈಟರ್ ಪುಸ್ತಕದಲ್ಲಿ ಬರೆದಿಟ್ಟಿದ್ದಾರೆ, ಪಲ್ಪರಿನ (ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ) ಗ್ರೀಸಿನ ಸಾಲಿನ ಕೆಳಗೆ.

2025ರ ಮಳೆಗಾಲವೂ ಅದೇ ಹಳ್ಳದಲ್ಲಿ ಕಳೆಯಿತು. ಸೆಪ್ಟೆಂಬರಿನಲ್ಲಿ ನಾನು ಹೋದಾಗ ಅದೇ ಸ್ಟೀಲ್ ತಟ್ಟೆ ಇಟ್ಟು ಬೋಲ್ಟ್ ಬಿಚ್ಚಿದೆವು. ಜೇನಿನ ಬಣ್ಣ ಸ್ವಲ್ಪ ಕಂದಿತ್ತು, ಅಷ್ಟೆ. ನೀರಿಲ್ಲ. ಅಯಸ್ಕಾಂತದ ಮೇಲೆ ನುಣ್ಣನೆ ಪೇಸ್ಟ್, ಹುರುಪೆ ಇಲ್ಲ. ಕಟಕಟ ಪೂರ್ತಿ ಹೋಗಿದೆ. ಕೂಗು ಮಾತ್ರ ಪೂರ್ತಿ ಹೋಗಿಲ್ಲ. ತುಕ್ಕಿನ ಚುಕ್ಕೆ ಬಿದ್ದ ಹಲ್ಲುಗಳು ಹಾಗೇ ಇವೆಯಲ್ಲ, 25 ಕಿಲೋಮೀಟರ್ ವೇಗದಲ್ಲಿ ಆಕ್ಸಿಲರೇಟರ್ ಬಿಟ್ಟರೆ ಸಣ್ಣಗೆ ಕೇಳಿಸುತ್ತದೆ. ಕ್ರೌನ್ ಪಿನಿಯನ್ ಜೋಡಿಯನ್ನು ಮಾತ್ರ ಬಿಡಿಯಾಗಿ ತರಿಸಲು ಆಗುತ್ತದಾ ಅಂತ ವಿಚಾರಿಸುತ್ತಿದ್ದೇನೆ. ಅಲ್ಲಿಯವರೆಗೆ ಪ್ರತಿ ಮಳೆಗಾಲದ ಮೊದಲು ಒಂದು ಸಲ, ಮುಗಿದ ಮೇಲೆ ಒಂದು ಸಲ ಆಯಿಲ್ ಇಳಿಸಿ ಬಿಳಿ ಕಾಗದದ ಮೇಲೆ ಒರೆಸಿ ನೋಡುವುದು ಅಂತ ಭಾವ ತೀರ್ಮಾನ ಮಾಡಿದ್ದಾರೆ. ಮೊದಲ ಕಾಗದ ಇನ್ನೂ ಮೇಸ್ತ್ರಿಯ ಹತ್ತಿರವೇ ಇದೆ.